ಟವಲಿನ ಮರೆಯ ವ್ಯಾಪಾರ

ಯಾರು ಏನು ಕೇಳಿದರೂ ನಡುವೆ ಒಂದು ದಾರಿ ಹುಡುಕುವುದು ನನ್ನ ಹುಟ್ಟುಗುಣ. ಶಿವಾಜಿನಗರದಲ್ಲಿ ಹಳೇ ಗಾಡಿಗಳ ಬಿಡಿಭಾಗ ಮಾರಿ ಅಂಗಡಿ ಕಟ್ಟಿದವನು ನಾನು; ಚೌಕಾಶಿ ಮಾಡದೆ ಸೊಪ್ಪನ್ನೂ ಕೊಂಡವನಲ್ಲ. ಕೆ.ಆರ್. ಪುರಂನಲ್ಲಿ ಹೊಸದಾಗಿ ತೆರೆದ ಅಂಗಡಿಯ ಕಂಪ್ಯೂಟರನ್ನು ಗಿರಾಕಿಗಳ ರೇಟು, ಲೆಕ್ಕವೆಲ್ಲ ಇರುವ ಇಲ್ಲಿನ ಡೇಟಾಬೇಸ್ ಸರ್ವರಿಗೆ ಜೋಡಿಸಲು ಕಲಬುರಗಿಯ ನಾಗವೇಣಿ ಬಂದಿದ್ದಳು. "ಸರ್, ಎನ್‌ಕ್ರಿಪ್ಷನ್ ಕಡ್ಡಾಯ ಇಡ್ಲೇನ್ರಿ? ಅಂದ್ರ ನಡುವಿನ ಮಾತು ಹೊರಗಿನವ್ರಿಗೆ ತಿಳಿಯಂಗಿಲ್ಲ. ಇಲ್ಲಾ, ಆದ್ರ ಮುಚ್ಚಿ ಹೋಗ್ಲಿ, ಆಗ್ದಿದ್ರ ಬಿಚ್ಚೇ ಹೋಗ್ಲಿ ಅಂತ ಇಡ್ಲೇನ್ರಿ?" ಎಂದಳು.

"ಎರಡನೇದೇ ಇಡಮ್ಮ. ವ್ಯಾಪಾರದಲ್ಲಿ ಅಷ್ಟು ಬಿಗಿ ಆಗಲ್ಲ," ಎಂದು ಬುದ್ಧಿ ಹೇಳಿದೆ.

ಅವಳು ಸ್ಕ್ರೀನ್ ನನ್ನ ಕಡೆ ತಿರುಗಿಸಿದಳು. "ಆ ಹೊಸ ಅಂಗಡ್ಯಾಗಿನ ಕಂಪ್ಯೂಟರ್ ಹಳೇದೈತ್ರಿ, ಅದಕ್ಕ ಮುಚ್ಚಾಕ ಬರಂಗಿಲ್ಲ. ಹಾದ್ಯಾಗ ಕುಂತವ್ರಿಗೆ ಹಿಂಗ ಕಾಣ್ತದ." ನೋಡಿದರೆ, ಹಲಸೂರಿನ ಮೆಕ್ಯಾನಿಕ್ ಮುನಿಯಪ್ಪನ ಹೆಸರು, ಪಕ್ಕದಲ್ಲೇ ನಾನು ಅವನಿಗೆ ಇಳಿಯಬಹುದಾದ ಕಡೇ ರೇಟು! "ಇನ್ನು ಇಳಿದ್ರೆ ಅಸಲೇ ಹುಟ್ಟಲ್ಲ ಗುರು" ಎಂದು ಆ ಮುನಿಯಪ್ಪನ ಮುಂದೆ ಎಷ್ಟು ವರ್ಷ ಕಣ್ಣೊರೆಸಿಕೊಂಡಿದ್ದೇನೆ! ಇದು ಬಯಲಾದರೆ ಅಂಗಡಿಗೆ ಬೀಗವೇ ಗತಿ.

ನನಗೆ ಕೆಲಸ ಕಲಿಸಿದ ಉಸ್ತಾದರು ನೆನಪಾದರು. ಆಗ ದೊಡ್ಡ ವ್ಯಾಪಾರವೆಲ್ಲ ಟವಲಿನ ಕೆಳಗೆ, ಹಿಡಿದ ಬೆರಳಿನ ಲೆಕ್ಕದಲ್ಲೇ ರೇಟು ತಿಳಿಸಿ. ಎದುರಿಗೆ ನಿಂತು ಟೀ ಹೀರುವವನಿಗೂ ರೇಟು ಗೊತ್ತಾಗುತ್ತಿರಲಿಲ್ಲ. ಉಸ್ತಾದರು ಮೊದಲು ಕನ್ನಡಕ ಏರಿಸಿ ಮುಖ ನೋಡುವರು, ಆಮೇಲೆ ಕೈ ಹಿಡಿಯುವರು. ಒಮ್ಮೆ ಒಳ್ಳೇ ಗಿರಾಕಿ ಬಂದಾಗ ಟವಲು ಒಗೆಯಲು ಹೋಗಿತ್ತು. "ಕಿವೀಲೇ ಹೇಳಿಬಿಡಿ ಸಾಬ್" ಎಂದೆ. "ಟವಲ್ ನಹೀ ತೋ ಸೌದಾ ಬೀ ನಹೀ" ಎಂದು, ಟವಲಿಲ್ಲದ ವ್ಯಾಪಾರವನ್ನೇ ಬಿಟ್ಟರು. ಎಂಥ ಹಟಮಾರಿ ಎಂದು ಆವತ್ತು ನಕ್ಕಿದ್ದೆ. ಆ ಬೆರಳುಗಳ ಬಿಸಿ, ಅತ್ತರಿನ ವಾಸನೆ ಈಗಲೂ ನೆನಪಿದೆ.

"ಕಡ್ಡಾಯನೇ ಇಡಮ್ಮ," ಎಂದೆ.

"ಆ ಕಂಪ್ಯೂಟರ್ ಮಾತಾಡೂದು ನಮ್ಮ ಸರ್ವರ್ ಜೋಡಿನೇ ಹೌದೋ ಅಲ್ಲೋ ಅಂತನೂ ನೋಡ್ಬೇಕ್ರಿ."

"ಮುಖ ನೋಡಿ ಕೈ ಹಿಡಿ. ಗೊತ್ತು ನನಗೆ."

ಇನ್ನು ಆ ಹಳೇದಕ್ಕೆ ಸಂಪರ್ಕವೇ ಸಿಗದು; ಹೊಸ ಕಂಪ್ಯೂಟರ್ ತರಲು ಆಗಲೇ ಹೊರಟೆ. ಗುಟ್ಟು ಕಾಪಾಡುವುದು ಹೇಗೆಂದು ಮಾರುವವನಿಗೂ ಟವಲಿನ ಕಥೆ ಸಮೇತ ಉಪದೇಶ ಕೊಟ್ಟೆ. "ಇದು ಇವತ್ತೇ ಸಿಗದಿದ್ರೆ ನಮ್ಮ ಅಂಗಡಿ ಬಾಗಿಲೇ ತೆಗೆಯೋಹಾಗಿಲ್ಲಪ್ಪ" ಎಂದೂ ಸೇರಿಸಿದೆ. ಅವನು ಕೈಕಟ್ಟಿ ಎಲ್ಲವನ್ನೂ ಕೇಳಿದ. "ಒಳ್ಳೇ ಮಾತು ಸಾರ್" ಎಂದ. ಒಂದು ರೂಪಾಯಿಯನ್ನೂ ಇಳಿಸಲಿಲ್ಲ.

ಹೆಗಲ ಮೇಲಿನ ಟವಲಿನಲ್ಲಿ ಮುಖ ಒರೆಸಿಕೊಂಡು, ಡಬ್ಬ ಎತ್ತಿಕೊಂಡು ಬಂದೆ.