ಎರವಲು ಕೋಡ್ ಮತ್ತು ನಮ್ಮಣ್ಣ

ನಮ್ಮ ದೊಡ್ಡಪ್ಪನ ಮಗ ಅನುಮಾನ ಪಡುವಷ್ಟು ಹೆಣ್ಣು ಕೊಡುವ ಮಾವಂದಿರೂ ಪಡಲಾರರು! ಅವರಾದರೂ ಹುಡುಗನ ಬಗ್ಗೆ ನಾಲ್ಕು ಮನೆಯಲ್ಲಿ ವಿಚಾರಿಸಿ ಸುಮ್ಮನಾಗುತ್ತಾರೆ. ಅಣ್ಣನಿಗೆ ಅಷ್ಟು ಸಾಲದು.

ಸಾಗರದಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ನಮ್ಮಿಬ್ಬರ ಸಾಫ್ಟ್‌ವೇರ್ ಆಫೀಸು. ಪ್ರೋಗ್ರಾಂ ಬರೆಯುವಾಗ ಎಲ್ಲವನ್ನೂ ನಾವೇ ಬರೆಯುವುದಿಲ್ಲ. ಬೇರೆಯವರು ಬರೆದು ಹಂಚಿದ ಕೋಡನ್ನೂ ತಂದು ಸೇರಿಸುತ್ತೇವೆ. ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಅದಿರುವ ವಿಳಾಸವನ್ನಷ್ಟೇ ಬರೆದಿಟ್ಟು, ಹೊಸದು ಬಂದಾಗೆಲ್ಲ ಅಲ್ಲಿಂದ ತರಿಸಿಕೊಳ್ಳುವುದು ನನ್ನ ಪದ್ಧತಿ. ಅಣ್ಣ ಮಾತ್ರ ಇಡೀ ಲೈಬ್ರರಿಯನ್ನೇ ನಮ್ಮ ಪ್ರಾಜೆಕ್ಟಿನೊಳಗೆ ನಕಲು ಮಾಡಿಟ್ಟುಕೊಳ್ಳುವವನು. ಇಟ್ಟುಕೊಂಡರೆ ಸಾಕೇ? ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಬೇಕು! ಕೆಳಗೆ ಬನ್ನು ಕೊಳ್ಳಲು ಬಂದವರು ಮಹಡಿಯಲ್ಲಿ ಏನೋ ಪೂಜೆ ನಡೆದಿದೆ ಎಂದುಕೊಳ್ಳುತ್ತಿದ್ದರು.

ಒಮ್ಮೆ ಪೋಲೆಂಡಿನ ಯಾರೋ ಬರೆದ ಲೈಬ್ರರಿ ಎರಡು ತಿಂಗಳಾದರೂ ಬದಲಾಗಲಿಲ್ಲ. ಅಣ್ಣ ಅವನಿಗೆ ಮೇಲ್ ಹಾಕಿದ, "ಆರೋಗ್ಯವಾಗಿದ್ದೀರಾ?" ಮಗು ಹುಟ್ಟಿದೆ ಎಂದು ಉತ್ತರ ಬಂತು. ಅವತ್ತು ಆಫೀಸಿನ ಕೆಲಸ ಅಲ್ಲಿಗೇ ನಿಂತಿತು. ಅಣ್ಣ ಮಗುವಿಗೊಂದು ಕನ್ನಡದ ಹೆಸರು ಹುಡುಕುತ್ತಾ ಕುಳಿತಿದ್ದ!

ನಿಮಗೆ ನಗು ಬರುತ್ತದೆ. ಜೊತೆಯಲ್ಲಿ ಕೆಲಸ ಮಾಡಿ ನೋಡಿ!

ಹೊಸನಗರದ ಒಂದು ಕ್ಲಿನಿಕ್ಕಿಗೆ, ಔಷಧದ ಪೊಟ್ಟಣಕ್ಕೆ ಅಂಟಿಸುವ ಕನ್ನಡ ಚೀಟಿ ಮುದ್ರಿಸುವ ಪ್ರೋಗ್ರಾಂ ಮಾಡಿಕೊಟ್ಟಿದ್ದೆವು. ಅಕ್ಷರ ಮೂಡಿಸುವುದು ಹೊರಗಿನ ಒಂದು ಲೈಬ್ರರಿ. ಅದರ ನಕಲೂ ಅಣ್ಣನ ಫೋಲ್ಡರಿನಲ್ಲಿತ್ತು. ಒಂದು ದಿನ ಅವನು ಊಟಕ್ಕೆ ಹೋದಾಗ ಆ ಫೋಲ್ಡರನ್ನೇ ಅಳಿಸಿ, ಹೊರಗಿನ ವಿಳಾಸ ಕೊಟ್ಟುಬಿಟ್ಟೆ.

ಬಂದವನು ಕೇಳಿದ, "ಅದ್ರೊಳಗೆ ನಾ ಬರ್ದಿಟ್ಟಿದ್ದು ಓದಿದ್ಯನೇ?"

"ಓದ್ದೆ ಅಣ್ಣ."

"ಹಾಗಾದ್ರೆ ಸರಿ ಬಿಡು ಮಾರಾಯ್ತಿ."

ನಾನು ಓದಿರಲಿಲ್ಲ. ಲೋಕದ ಮೇಲೆಲ್ಲ ಅನುಮಾನ ಪಡುವವನು ನನ್ನ ಮಾತನ್ನು ಮಾತ್ರ ಪರೀಕ್ಷಿಸಲಿಲ್ಲ.

ನಾಲ್ಕು ದಿನಕ್ಕೆ ಕ್ಲಿನಿಕ್ಕಿನ ಕಾಂಪೌಂಡರ್ ಫೋನ್ ಮಾಡಿದರು. "ಎಂತ ಮೇಡಂ ಇದು? ಚೀಟೀಲಿ 'ಅರ್ಧ' ಅನ್ನೋದೇ ಬರ್ತಿಲ್ಲ! ಒಬ್ರು ಅಜ್ಜಿ ಬಿಪಿ ಮಾತ್ರೆ ಇಡೀದು ನುಂಗಿ ಬಸ್‌ಸ್ಟ್ಯಾಂಡಲ್ಲಿ ತಲೆ ತಿರುಗಿ ಬಿದ್ರು."

ಇಬ್ಬರೂ ಓಡಿದೆವು. ಆ ಲೈಬ್ರರಿಯಲ್ಲಿದ್ದ ದೋಷವನ್ನು ತನ್ನ ನಕಲಿನಲ್ಲಿ ತಿದ್ದಿಟ್ಟಿದ್ದೆ ಎಂದು ಅಣ್ಣ ದಾರಿಯಲ್ಲಿ ಹೇಳಿದ. ಅಜ್ಜಿ ಚೇತರಿಸಿಕೊಂಡಿದ್ದರು. ಡಾಕ್ಟರು ಕೇಳಿದರು, "ಯಾರ ತಪ್ಪಿದು?"

"ಇವ್ನೇ ಲೈಬ್ರರಿ ತಿದ್ದಿ ಯಾರಿಗೂ ಹೇಳ್ದೆ ಇಟ್ಟಿದ್ದ" ಎಂದೆ ನಾನು.

ಅಣ್ಣ ನನ್ನನ್ನೊಮ್ಮೆ ನೋಡಿದ. "ಹೌದು" ಎಂದ. ಮರುದಿನದಿಂದ ಆಫೀಸಿಗೆ ಬರಲಿಲ್ಲ. ತೀರ್ಥಹಳ್ಳಿಯ ಕಂಪ್ಯೂಟರ್ ಕ್ಲಾಸೊಂದರಲ್ಲಿ ಪಾಠ ಹೇಳಲು ಸೇರಿಕೊಂಡ.

ಪ್ರಾಜೆಕ್ಟಿನ ಹಳೆಯ ಸ್ಥಿತಿಗಳೆಲ್ಲ ಕಂಪ್ಯೂಟರಿನಲ್ಲಿ ಜೋಪಾನವಾಗಿರುತ್ತವೆ. ಅಳಿಸಿದ್ದ ಫೋಲ್ಡರನ್ನು ವಾಪಸು ತಂದೆ. ತೆರೆದರೆ ಅಣ್ಣನ ಟಿಪ್ಪಣಿ: "ಅರ್ಕಾವೊತ್ತಿನ ಪದ ಹಾರಿಹೋಗುತ್ತಿತ್ತು, ಸರಿಪಡಿಸಿದ್ದೇನೆ. ಹೊಸದು ತರುವ ಮೊದಲು 'ಅರ್ಧ' ಎಂದು ಮುದ್ರಿಸಿ ನೋಡಿ. ಇದು ಔಷಧದ ವಿಷಯ."

ಚೀಟಿ ಸರಿಹೋಯಿತು. ನಾನು ಯಾರಿಗೂ ಏನೂ ಹೇಳಲಿಲ್ಲ. ಅವನ ಖಾಲಿ ಕುರ್ಚಿಯ ಮೇಲೆ ಪ್ರಿಂಟರ್ ಇಟ್ಟುಕೊಂಡೆ. ಎಂಥ ಹೆಣ್ಣು ನಾನು!

ತಿಂಗಳಾದ ಮೇಲೆ, ತಡೆಯಲಾರದೆ, ಹಣ್ಣು ಹಿಡಿದು ಅಜ್ಜಿಯ ಮನೆಗೆ ಹೋದೆ. ಯಾರೆಂದು ಹೇಳಿಕೊಳ್ಳುತ್ತಲೇ ಅಜ್ಜಿಯ ಮುಖ ಅರಳಿತು.

"ನಿಮ್ಮಣ್ಣ ವಾರವಾರ ಬರ್ತಾರಲ್ಲ! ಮಾತ್ರೆ ಎಲ್ಲಾ ಅರ್ಧ ಮಾಡಿ ಡಬ್ಬಿಗೆ ಹಾಕಿಟ್ಟು ಹೋಗ್ತಾರೆ. 'ತಂಗಿ ಹೆದರ್ಕೊಂಡಿದಾಳೆ, ಬಂದ್ರೆ ಬೈಬೇಡಿ' ಅಂದಿದ್ರು. ತಪ್ಪು ಅವ್ರದ್ದೇ ಅಂತೆ, ಹೌದೇನವ್ವಾ?"

ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಬ್ಲೇಡಿನಲ್ಲಿ ಕತ್ತರಿಸಿದ ಮಾತ್ರೆಗಳು. ಒಂದು ಚೂರು ಆಚೀಚೆ ಇಲ್ಲ.

"ಅಲ್ಲಜ್ಜಿ, ತಪ್ಪು ನಂದು" ಎಂದೆ.

ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಅವ್ರಿಗೆ ಹೇಳಿದ್ಯಾ?"

ತೀರ್ಥಹಳ್ಳಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.