ಗಂಟಲಿನಲ್ಲಿ ಸಿಕ್ಕಿಕೊಂಡ ಡಚ್ಚು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಧೈರ್ಯ ನನಗೆ ಮೊದಲಿನಿಂದಲೂ ಕಡಿಮೆ. ಮೈಸೂರಿನಿಂದ ತೆಲುಗು ನಾಡಿಗೆ ಬಂದು ಅಮೀರ್‌ಪೇಟೆಯ ಕೋಚಿಂಗ್ ಸೆಂಟರೊಂದರಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ವ್ಯಾಕರಣ ಕಲಿಸಿದವನು ನಾನು. ಡಚ್ ಭಾಷೆಯೂ ಹೆಚ್ಚುಕಡಿಮೆ ಇಂಗ್ಲಿಷಿನಂತೆಯೇ ಅಂತೆ, ಒಂದು ಬ್ಯಾಚ್ ತೆಗೆದುಕೊಳ್ಳಿ ಎಂದು ಮಾಲೀಕರು ಹೇಳಿದಾಗ ತಲೆಯಾಡಿಸಿಬಿಟ್ಟೆ. ಪುಸ್ತಕ ತಂದು, ವಿದ್ಯಾರ್ಥಿಗಳಿಗಿಂತ ಎರಡೇ ಪಾಠ ಮುಂದಿದ್ದುಕೊಂಡು ಪಂಡಿತನಾದೆ.

ಆ ಬ್ಯಾಚಿನಲ್ಲಿ ಕಲಬುರಗಿಯ ಶಾಹೀನಾ ಎಂಬ ನರ್ಸ್ ಇದ್ದಳು. ಮದುವೆಯಾದ ಮೂರು ತಿಂಗಳಿಗೇ ಗಂಡ ನೆದರ್ಲೆಂಡಿಗೆ ಅಡುಗೆ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿತ್ತು. ಡಚ್ ಪರೀಕ್ಷೆ ಪಾಸಾಗದೆ ಇವಳಿಗೆ ವೀಸಾ ಇಲ್ಲ. ಒಮ್ಮೆ ಫೇಲಾಗಿದ್ದಳು. 'ಏಕೆಂದರೆ' ಎಂದು ಶುರುವಾದ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ ಎಂದು ನಾನು ಬೆವರು ಸುರಿಸಿ ವಿವರಿಸಿದರೆ, "ನಮ್ಮ ಕನ್ನಡದಾಗೂ ಹಂಗ ಐತಲ್ರಿ ಸರ್" ಎಂದು ಸಲೀಸಾಗಿ ದಾಟಿದಳು. ಜಗಳವೆಲ್ಲ ಉಚ್ಚಾರದ್ದು. 'ಒಳ್ಳೆಯದು' ಎಂಬ ಪದವನ್ನು ನಾನು ಪುಸ್ತಕದ ಅಕ್ಷರ ನೋಡಿ 'ಗೂಡ್' ಎಂದು ಕಲಿಸಿದರೆ, ಅವಳು ಉರ್ದುವಿನ 'ಖಬರ್' ಎನ್ನುವಂತೆ ಗಂಟಲು ಕೆರೆದು 'ಖೂತ್' ಎನ್ನುತ್ತಿದ್ದಳು. ಕೆಮ್ಮಿದ ಹಾಗಿದೆ ಎಂದು ತಿಂಗಳು ಪೂರ್ತಿ ತಿದ್ದಿ, ಕೊನೆಗೂ ಗೆದ್ದೆ.

ಪರೀಕ್ಷೆಗೆ ನಾಲ್ಕು ದಿನವಿರುವಾಗ, ಡಚ್ಚರೇ ಮಾತಾಡುವ ವಿಡಿಯೊ ಒಂದನ್ನು ಮೊದಲ ಬಾರಿ ಕೇಳಿದೆ. ಮಕ್ಕಳು, ಮುದುಕರು, ಎಲ್ಲರ ಬಾಯಲ್ಲೂ 'ಖೂತ್'. ಒಂದು ದಿನ ಜ್ವರವೆಂದು ರಜೆ ಹಾಕಿದೆ. ಮರುದಿನ ತರಗತಿ ಮುಗಿದ ಮೇಲೆ ಅವಳೊಬ್ಬಳನ್ನೇ ನಿಲ್ಲಿಸಿ, ನಿನ್ನ 'ಖೂತ್' ಸರಿಯಿತ್ತು, ತಪ್ಪು ನನ್ನದೇ ಎಂದು ಹೇಳಿದೆ.

"ನಮ್ಮ ಮನಿಯವ್ರು ಫೋನಿನಾಗ ಹಂಗ ಅಂತಿದ್ರಿ. ಅದನ್ನ ಕೇಳೇ ಕಲ್ತಿದ್ದೆ. ನೀವ ಬಿಡಿಸಿದ್ರಿ" ಎಂದಳು ಶಾಹೀನಾ. ಬೈದಿದ್ದರೆ ವಾಸಿಯಿತ್ತು.

ಪರೀಕ್ಷೆ ಬೆಂಗಳೂರಿನಲ್ಲಿ. ಅವಳನ್ನು ರೈಲು ಹತ್ತಿಸಲು ಕಾಚಿಗೂಡ ಸ್ಟೇಷನ್ನಿಗೆ ನಾನೂ ಹೋದೆ. ರೈಲು ಬರುವವರೆಗೂ ಅವಳು ಕಲಿತದ್ದನ್ನು ಮರೆಯುವ ಅಭ್ಯಾಸ ಮಾಡಿದಳು. ಭಯಕ್ಕೆ ಮತ್ತೆ ಮತ್ತೆ 'ಗೂಡ್' ಎಂದೇ ಬರುತ್ತಿತ್ತು. ಹಾಗೆ ಬಂದಾಗಲೆಲ್ಲ ಇಬ್ಬರೂ ನೆಲ ನೋಡುತ್ತಿದ್ದೆವು.

ಫಲಿತಾಂಶ ಬರುವ ತನಕ ಫೋನ್ ಗುನುಗಿದರೂ ಪಾಠ ನಿಲ್ಲಿಸಿ ನೋಡುತ್ತಿದ್ದೆ. ಪಾಸಾದಳು. ಎರಡು ತಿಂಗಳಲ್ಲಿ ಹೊರಟೂ ಹೋದಳು.

ಮೊನ್ನೆ ಅಲ್ಲಿಂದ ಫೋನ್ ಮಾಡಿದ್ದಳು. "ಇಲ್ಲಿ ಮಂದಿ ಛಲೋ ಮಾತಾಡ್ತಿ ಅಂತಾರ್ರಿ ಸರ್. ನಾಕೈದು ಶಬ್ದ ಮಾತ್ರ ಯಾಕೋ ಬ್ಯಾರೆ ಅನಸ್ತಾವಂತ. ಯಾರು ಕಲಿಸಿದ್ರು ಅಂತ ಕೇಳಿದ್ರು."

"ಏನಂದೆ?" ಎಂದೆ, ಮೆಲ್ಲಗೆ.

"ಮೊಬೈಲ್ ನೋಡಿ ಕಲ್ತೆ ಅಂದೀನ್ರಿ. ನಿಮ್ಮ ಹೆಸರು ತಗದಿಲ್ಲ. ಚಿಂತಿ ಮಾಡಬ್ಯಾಡ್ರಿ."

ಗುರುವಿನ ಹೆಸರು ಉಳಿಸಿದ ಶಿಷ್ಯೆ ಎಂದರೆ ಇವಳೇ ಎಂದುಕೊಂಡೆ.