ಡಿಕ್ಲೇರ್ ಮಾಡದ ಅಮೃತಾ

ಕೊಟ್ಟೂರಿನ ಪಾಲಿಟೆಕ್ನಿಕ್ಕಿನಲ್ಲಿ ಸಿ ಪ್ರೋಗ್ರಾಮಿಂಗ್ ಹೇಳಿಕೊಡುವ ಪ್ರವೀಣಕುಮಾರ್, ಮನೆಯಲ್ಲಿ ಒಬ್ಬನೇ ಕೂತು ಪಾಠಕ್ಕೆ ತಯಾರಾಗುವಾಗ ಒಂದು ಫಂಕ್ಷನ್ನಿಗೆ, ಅಂದರೆ ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಣುಕಿಗೆ, ಅಮೃತಾ ಎಂದು ಹೆಸರಿಟ್ಟಿದ್ದ. ಅಮೃತಾ ಅಂದರೆ ಕಾಲೇಜಿನ ಲೈಬ್ರರಿಯನ್. ಎರಡು ವರ್ಷದಿಂದ ಅವಳ ಹತ್ತಿರ ಪುಸ್ತಕ ಬಿಟ್ಟು ಬೇರೆ ಮಾತಾಡುವ ಧೈರ್ಯ ಅವನಿಗಾಗಿರಲಿಲ್ಲ. ಕ್ಲಾಸಿಗೆ ಹೊರಡುವ ಮುಂಚೆ ಆ ಹೆಸರು ಬದಲಿಸಿದ. ಅದನ್ನು ಕರೆಯುವ ಒಂದು ಕಡೆ ಮಾತ್ರ ಮರೆತ.

ಕ್ಲಾಸಿನ ಪರದೆಯ ಮೇಲೆ ತಪ್ಪು ತೋರಿಸುವ ಕೆಂಪಕ್ಷರ ಮೂಡಿತು. ಮುಂದಿನ ಬೆಂಚಿನ ಭೂಮಿಕಾ ಓದಿ ಹೇಳಿದಳು: "ಸರ್, ನೀವು ಅಮೃತಾನ ಡಿಕ್ಲೇರ್ ಮಾಡದನ ಕರದೀರಂತ."

"ಹೌದು, ಯಾವುದನ್ನ ಕರೀಬೇಕಾದ್ರೂ ಮೊದ್ಲ ಡಿಕ್ಲೇರ್ ಮಾಡಬೇಕು, ಇಂಥಾದ್ದೊಂದು ಐತಿ ಅಂತ ಹೇಳಬೇಕು. ಅಂದ್ರ... ಅದು ಬರೇ ಫಂಕ್ಷನ್ನು" ಎಂದು ಪ್ರವೀಣ ತಡವರಿಸಿದ. ನಲವತ್ತು ಮಂದಿ ಬಿಸಿ ಬಾಣಲೆಯ ಸಾಸಿವೆಯಂತೆ ಸಿಡಿದು ನಕ್ಕರು.

ಹನ್ನೊಂದರೊಳಗೆ ಸುದ್ದಿ ಆಫೀಸು ಮುಟ್ಟಿತು. "ಸುಮ್ನ ಕುಂತ್ರ ಹೆಂಗ್ರಿ ಸರ್, ಲಗೂನ ಡಿಕ್ಲೇರ್ ಮಾಡ್ರಿ" ಎಂದಳು ಕ್ಲರ್ಕ್ ದುರ್ಗಾದೇವಿ. ಕ್ಯಾಂಟೀನಿನ ಹುಲುಗಣ್ಣ ಕೇಳದೆಯೇ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದ. ಪ್ರಿನ್ಸಿಪಾಲ್ ಗುರುಮೂರ್ತಿಯವರು ಒಳಗೆ ಕರೆಸಿ, "ಅವರ ಮನ್ಯಾಗ ಮಾತಾಡಾಕ ಹಿರೇರು ಬೇಕಂದ್ರ ನಾ ಬರ್ತೀನಪ್ಪಾ" ಎಂದರು.

ಮಧ್ಯಾಹ್ನ ನೋಡಿದರೆ ಲೈಬ್ರರಿಗೆ ಬೀಗ. ಪಾಪ, ಅಮೃತಾ ಸುದ್ದಿ ಕೇಳಿ ನೊಂದು ಮನೆಗೆ ಹೋಗಿರಬೇಕೆಂದು ಪ್ರವೀಣನಿಗೆ ಊಟವೇ ಸೇರಲಿಲ್ಲ. ನಾಲ್ಕು ಗಂಟೆಗೆ ಬಾಗಿಲು ತೆರೆದದ್ದು ಕಂಡು ಓಡಿಹೋದ.

"ತಪ್ಪಾತ್ರಿ ಮೇಡಂ. ಕಾಲೇಜೆಲ್ಲಾ ನಿಮ್ಮ ಹೆಸರು ಆಡಾಕತ್ಯಾರ. ನೀವಂದ್ರ ನನಗ ಭಾಳ ಇಷ್ಟ ಅಂತ ಮೊದ್ಲು ನಿಮಗ ಹೇಳಬೇಕಿತ್ತು."

ಅಮೃತಾ ಹೆಗಲ ಚೀಲ ಇನ್ನೂ ಇಳಿಸಿರಲಿಲ್ಲ.

"ನಾ ಪುಸ್ತಕ ತರಾಕ ಹರಪನಹಳ್ಳಿಗೆ ಹೋಗಿದ್ದೆ ಸರ್. ಈಗ ಬಸ್ ಇಳದು ಬಂದೆ. ಏನಾತು?"

ಅವಳಿಗೆ ಏನೇನೂ ಗೊತ್ತಿರಲಿಲ್ಲ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲವಾದ್ದರಿಂದ ಪ್ರವೀಣ ನೆಲ ನೋಡುತ್ತ ಬೆಳಗಿನ ಕತೆಯನ್ನೆಲ್ಲ ಹೇಳಿದ. ಕೇಳುತ್ತ ಕೇಳುತ್ತ ಅವಳ ಕಿವಿ ಕೆಂಪಾದವು. ತಂದ ಪುಸ್ತಕಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು.

"ನನ್ನ ಹೆಸರಿಟ್ಟಿದ್ರಲ್ಲ, ಆ ಫಂಕ್ಷನ್ ಏನು ಮಾಡ್ತಿತ್ತು?"

ಪ್ರವೀಣನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಮಾರ್ಕ್ಸಿಂದು ಸರಾಸರಿ ತೆಗೀತಿತ್ರಿ."

"ಸರಾಸರಿ" ಎಂದಳು ಅಮೃತಾ. ತುಟಿಗೆ ಬಂದ ನಗುವನ್ನು ಪುಸ್ತಕದ ಮರೆಗೆ ಒಯ್ದಳು. "ಹೋಗ್ರಿ ಸರ್. ಎಲ್ಲಾದ್ರಾಗ ಹೆಚ್ಚಿಂದು ಯಾವ್ದು ಅಂತ ಹುಡುಕೋ ಫಂಕ್ಷನ್ನಿಗೆ ನನ್ನ ಹೆಸರಿಟ್ಟು ಬರಕೊಂಡು ಬರ್ರಿ. ಆಮ್ಯಾಲೆ ಮಾತಾಡೂಣು."